ಮುರಕಲ್ಲಿನ ನೆಲದಲ್ಲಿ ಹಳೆ ಕಾಸು ಹುಡುಕಿದ ದಿನ

ಯೂಟ್ಯೂಬಿನಲ್ಲಿ ಇಂಗ್ಲೆಂಡಿನವರು ಮೆಟಲ್ ಡಿಟೆಕ್ಟರ್ ಹಿಡಿದು ಹೊಲದಲ್ಲಿ ನಡೆಯುವುದನ್ನು ನೋಡಿದರೆ ಇದೇನು ಮಹಾ ಕೆಲಸ ಅನ್ನಿಸುತ್ತದೆ. ಉತ್ತ ನೆಲ, ಮೆತ್ತನೆ ಮಣ್ಣು. ಟಿಂಗ್ ಅಂತ ಒಂದು ಸದ್ದು. ಎರಡು ಸಲ ಅಗೆದರೆ ರೋಮನ್ನರ ಕಾಲದ ನಾಣ್ಯ. ಅದೇ ಯಂತ್ರವನ್ನು ಕಾಸರಗೋಡಿನ ಒಂದು ಗುಡ್ಡೆಗೆ ತಂದು ನೋಡಿ. ಸ್ವಿಚ್ ಹಾಕಿ ನೆಲದ ಹತ್ತಿರ ತಂದರೆ ಸಾಕು, ಅರಚಲು ಶುರು ಮಾಡುತ್ತದೆ. ನಿಲ್ಲಿಸುವುದೇ ಇಲ್ಲ. ನಮ್ಮದು ಮುರಕಲ್ಲಿನ, ಅಂದರೆ ಲ್ಯಾಟರೈಟಿನ ನೆಲ ಅಲ್ವಾ? ಮಣ್ಣು ಕೆಂಪಗೆ ಇರುವುದೇ ಅದರೊಳಗಿನ ಕಬ್ಬಿಣದ ಅಂಶದಿಂದ. ಯಂತ್ರದ ಲೆಕ್ಕದಲ್ಲಿ ಗುಡ್ಡೆಗೆ ಗುಡ್ಡೆಯೇ ಲೋಹ.

ಯಂತ್ರ ಭಾವನದ್ದು. ಅವನಿಗೆ ಪುತ್ತೂರಿನಲ್ಲಿ ಇನ್ವರ್ಟರ್, ಪಂಪ್ ಸ್ಟಾರ್ಟರ್ ರಿಪೇರಿ ಮಾಡುವ ಅಂಗಡಿ ಉಂಟು. ಹಳೆ ನಾಣ್ಯದ ಹುಚ್ಚು ಶಾಲೆಗೆ ಹೋಗುವಾಗಲೇ ಹತ್ತಿದ್ದು. ಜಾಗ ಮಾತ್ರ ನಮ್ಮದು. ಪೆರ್ಲದಿಂದ ಸ್ವಲ್ಪ ಒಳಗೆ, ತೋಟದ ಮೇಲಿನ ಬದಿಯಲ್ಲಿ ಹಳೆ ಮನೆಯ ಅಡಿಪಾಯ ಈಗಲೂ ಕಾಣುತ್ತದೆ. ಮನೆ ಬಿದ್ದು ಹೋಗಿ ಎಷ್ಟೋ ಕಾಲವಾಯಿತು. ಅಂಗಳದ ಕೆಳಗೆ ಒಂದು ಗಾಡಿದಾರಿ ಹಾದು ಹೋಗುತ್ತದೆ. ಈಗ ಅದರಲ್ಲಿ ಓಡಾಡುವುದು ಕಾಡುಹಂದಿ ಮಾತ್ರ. ರೈಲು ಮಂಗಳೂರು ಮುಟ್ಟಿದ್ದು 1907ರಲ್ಲಿ. ಅದಕ್ಕೂ ಮೊದಲು ಈ ಕಡೆಯ ಅಡಕೆ, ಕಾಳುಮೆಣಸು ಎತ್ತಿನ ಗಾಡಿಯಲ್ಲಿ ಕುಂಬಳೆಯ ಕಡೆ ಇಳಿದು, ಬರುವಾಗ ಗಾಡಿಯಲ್ಲಿ ಉಪ್ಪು, ಬೆಲ್ಲ ಬರುತ್ತಿತ್ತು ಅಂತ ಮನೆಯ ಹಿರಿಯರು ಹೇಳುತ್ತಿದ್ದರು. ಗಾಡಿ ನಿಲ್ಲುವ ಜಾಗ, ಹಣ ಎಣಿಸುವ ಜಾಗ, ಮಕ್ಕಳು ಆಡುವ ಅಂಗಳ. ಕಾಸು ಬೀಳುವುದು ಇಂಥ ಕಡೆಯಲ್ಲೇ ಅಂತ ಭಾವನ ವಾದ.

ನಾನು ಮೊದಲು ಕೇಳಿದ್ದು ಕಾನೂನಿನ ವಿಷಯ. ನಮ್ಮ ಕಡೆ ಹಾರೆ ಹಿಡಿದು ಹಳೆ ಜಾಗದಲ್ಲಿ ನಿಂತರೆ ನಿಧಿ ತೆಗೆಯುವವರು ಅಂತಲೇ ಲೆಕ್ಕ. 2025ರ ಜನವರಿಯಲ್ಲಿ ಕುಂಬಳೆಯ ಆರಿಕ್ಕಾಡಿ ಕೋಟೆಯ ಬಾವಿಯಲ್ಲಿ ನಿಧಿ ಹುಡುಕಲು ಇಳಿದವರು ಪೊಲೀಸರ ಕೈಗೆ ಸಿಕ್ಕಿಬಿದ್ದ ಸುದ್ದಿ ಎಲ್ಲರ ನೆನಪಿನಲ್ಲಿ ಉಂಟು. ಬೇಕಲ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಂಥ ಕಡೆ ಅಗೆಯುವುದು 1958ರ ಸ್ಮಾರಕ ಕಾನೂನಿನಂತೆ ಅಪರಾಧ. ಕೋಟೆ, ದೇವಸ್ಥಾನ, ಬಸದಿ, ದೈವದ ಕಟ್ಟೆ, ನಾಗಬನ ಇವುಗಳ ಹತ್ತಿರ ಹೋಗುವುದಿಲ್ಲ ಅಂತ ನಾವಿಬ್ಬರೂ ಮೊದಲೇ ತೀರ್ಮಾನ ಮಾಡಿದೆವು. ಸರಕಾರಿ ಜಾಗವೂ ಬೇಡ. ನಮ್ಮ ಪಟ್ಟೆ ಜಾಗ ಮಾತ್ರ.

ಪಟ್ಟೆ ಜಾಗವಾದರೂ ಸಿಕ್ಕಿದ್ದೆಲ್ಲ ನಮ್ಮದು ಅಂತ ಕಿಸೆಗೆ ಹಾಕುವ ಹಾಗಿಲ್ಲ. ಬ್ರಿಟಿಷರು 1878ರಲ್ಲಿ ಮಾಡಿದ ನಿಧಿ ಕಾನೂನಿನಲ್ಲಿ ಮಣ್ಣಿನಲ್ಲಿ ಅಡಗಿರುವ, ಬೆಲೆ ಇರುವ ಯಾವ ವಸ್ತುವಾದರೂ ನಿಧಿಯೇ. ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದ್ದು ಸಿಕ್ಕಿದರೆ ಕಲೆಕ್ಟರಿಗೆ ಬರೆದು ತಿಳಿಸಬೇಕು. ಏನು ಸಿಕ್ಕಿತು, ಎಲ್ಲಿ, ಯಾವ ದಿನ, ಎಲ್ಲ ಹೇಳಬೇಕು. ಕೇರಳದಲ್ಲಿ 1968ರಿಂದ ಇದಕ್ಕೆ ಬೇರೆಯೇ ಕಾನೂನು ಉಂಟು. ಇದರ ಮೇಲೆ 1972ರ ಪ್ರಾಚ್ಯವಸ್ತು ಕಾನೂನು. ನೂರು ವರ್ಷ ದಾಟಿದ ನಾಣ್ಯ ಅದರ ಲೆಕ್ಕಕ್ಕೆ ಬರುತ್ತದೆ. ಹೊರದೇಶಕ್ಕೆ ಕಳಿಸುವ ಹಾಗಿಲ್ಲ, ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡುವ ಹಾಗಿಲ್ಲ. "ಮಾರುವ ಆಸೆ ಇದ್ದರೆ ಈಗಲೇ ಹೇಳು, ನಾನು ಬರುವುದಿಲ್ಲ" ಅಂದೆ. ಭಾವ ನಕ್ಕ. "ಮಾರಲಿಕ್ಕೆ ಎಂತ ಸಿಗ್ತದೆ ಮಾರಾಯ, ಮೊಳೆಯಾ?"

ಅವನ ಮಾತು ಬೆಳಗಿನ ಮಟ್ಟಿಗೆ ನಿಜವಾಯಿತು.

ದೀಪಾವಳಿ ಕಳೆದ ಮೇಲೆ, ಅಡಕೆ ಕೊಯ್ಲಿನ ಗಡಿಬಿಡಿ ಶುರುವಾಗುವ ಮೊದಲಿನ ಒಂದು ಭಾನುವಾರ ಆರಿಸಿದ್ದೆವು. ಮಳೆಗಾಲದಲ್ಲಿ ಆಗುವುದಿಲ್ಲ, ಬೇಸಗೆಯಲ್ಲಿ ನೆಲ ಕಲ್ಲಾಗಿರುತ್ತದೆ. ಈ ಸಮಯದಲ್ಲಿ ಮಣ್ಣಿನಲ್ಲಿ ಪಸೆ ಉಳಿದಿರುತ್ತದೆ, ಕರಣೆ ಇಳಿಯುತ್ತದೆ. ಹಿಂದಿನ ದಿನವೇ ಕಾಡು ಸವರಿಸಿ ಇಟ್ಟಿದ್ದೆ. ಹುಲ್ಲು ಎತ್ತರ ಇದ್ದರೆ ಯಂತ್ರದ ಕೋಲಿನ ತುದಿಯ ಕಾಯಿಲನ್ನು ನೆಲಕ್ಕೆ ಸಮವಾಗಿ ಆಡಿಸಲು ಆಗುವುದಿಲ್ಲ. ಕನ್ನಡಿ ಹಾವಿನ ಹೆದರಿಕೆಯೂ ಉಂಟು. ಮೊಣಕಾಲಿನವರೆಗೆ ಬರುವ ರಬ್ಬರ್ ಬೂಟು ಹಾಕಿಯೇ ಹೊರಟೆವು. ಅವಲಕ್ಕಿ ಮಜ್ಜಿಗೆ ತಿಂದು ಹೊರಡುವಾಗ ದೊಡ್ಡಮ್ಮ ಒಳಗಿನಿಂದಲೇ ಕೂಗಿ ಹೇಳಿದರು: "ನಾಗನ ಕಟ್ಟೆಯ ಹತ್ತಿರ ಆ ಮಿಷನು ಕೊಂಡುಹೋಗಬೇಡಿ ಮಕ್ಕಳೇ."

ಯಂತ್ರ ಕೆಲಸ ಮಾಡುವ ಕ್ರಮ ಸ್ವಲ್ಪ ಹೇಳಬೇಕು. ಕೋಲಿನ ತುದಿಯ ಕಾಯಿಲಿನೊಳಗೆ ತಂತಿಯ ಎರಡು ಸುರುಳಿ. ಒಂದು ಸುರುಳಿ ಸೆಕೆಂಡಿಗೆ ಸಾವಿರಾರು ಸಲ ಬದಲಾಗುವ ಅಯಸ್ಕಾಂತದ ಕ್ಷೇತ್ರವನ್ನು ನೆಲಕ್ಕೆ ಕಳಿಸುತ್ತದೆ. ಅಡಿಯಲ್ಲಿ ಲೋಹ ಇದ್ದರೆ ಅದರೊಳಗೆ ಸಣ್ಣ ಸುಳಿವಿದ್ಯುತ್ ಹುಟ್ಟಿ, ಅದೂ ಒಂದು ಕ್ಷೇತ್ರವನ್ನು ವಾಪಸ್ ಕಳಿಸುತ್ತದೆ. ಆದರೆ ಒಂಚೂರು ತಡವಾಗಿ. ಎರಡನೆಯ ಸುರುಳಿ ಈ ತಡವನ್ನು ಅಳೆಯುತ್ತದೆ. ಬೆಳ್ಳಿ, ತಾಮ್ರದ ದಪ್ಪ ವಸ್ತುವಿಗೆ ತಡ ಜಾಸ್ತಿ. ತೆಳು ಹಾಳೆಗೆ ಕಡಿಮೆ. ಅದನ್ನೇ ಯಂತ್ರ ಒಂದು ನಂಬ್ರ ಮಾಡಿ ತೋರಿಸುತ್ತದೆ, ಒಂದು ಸ್ವರ ಮಾಡಿ ಕೇಳಿಸುತ್ತದೆ. ಕಬ್ಬಿಣಕ್ಕೆ ಗೊಗ್ಗರು ಸದ್ದು. ತಾಮ್ರ, ಬೆಳ್ಳಿಗೆ ಗಂಟೆ ಬಡಿದ ಹಾಗೆ ತೆಳ್ಳನೆ ಸದ್ದು. ತಮಾಷೆ ಏನೆಂದರೆ ಸಣ್ಣ ಬಂಗಾರದ ತುಂಡು ಮತ್ತು ಸಿಗರೇಟ್ ಪ್ಯಾಕಿನ ಜರಿ ಕಾಗದ ಎರಡಕ್ಕೂ ಹತ್ತಿರ ಹತ್ತಿರ ಒಂದೇ ನಂಬ್ರ ಬರುತ್ತದೆ. ಬಂಗಾರ ಬೇಕು ಅನ್ನುವವರು ಊರಿನ ಕಸವನ್ನೆಲ್ಲ ಹೆಕ್ಕಲು ತಯಾರಿರಬೇಕು.

ಟೆಲಿಫೋನಿನ ಗ್ರಹಾಂ ಬೆಲ್ ಕೂಡ ಇಂಥದೇ ಒಂದು ಉಪಕರಣ ಹಿಡಿದು ಸೋತವನು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಮೈಯಲ್ಲಿ ಗುಂಡು ಎಲ್ಲಿ ಉಳಿದಿದೆ ಅಂತ ಹುಡುಕಲು ಅದನ್ನು ತಯಾರು ಮಾಡಿದ್ದ. ಹಾಸಿಗೆಯ ಅಡಿಯ ಉಕ್ಕಿನ ಸ್ಪ್ರಿಂಗಿನಿಂದ ಸದ್ದು ಗೊಂದಲವಾಯಿತು ಅನ್ನುತ್ತಾರೆ. ಗುಂಡು ಸಿಗಲೇ ಇಲ್ಲ. ಅವನಿಗೆ ಒಂದು ಮಂಚ. ನಮಗೆ ಇಡೀ ಗುಡ್ಡೆ.

ಇದಕ್ಕೆ ಉಪಾಯ ಅಂದರೆ ಗ್ರೌಂಡ್ ಬ್ಯಾಲೆನ್ಸ್. ಲೋಹ ಇಲ್ಲದ ಒಂದು ಜಾಗ ಹುಡುಕಿ, ಗುಂಡಿ ಒತ್ತಿ ಹಿಡಿದು, ಕಾಯಿಲನ್ನು ನೆಲದ ಹತ್ತಿರಕ್ಕೂ ಮೇಲಕ್ಕೂ ಮೆಲ್ಲ ಆಡಿಸಬೇಕು. ಈ ಮಣ್ಣಿನ ಸದ್ದು ಇಷ್ಟು, ಇದನ್ನು ಲೆಕ್ಕದಿಂದ ಬಿಡು ಅಂತ ಯಂತ್ರಕ್ಕೆ ಹೇಳಿದ ಹಾಗೆ. ಅಂಗಳದಲ್ಲಿ ಒಂದು ಬ್ಯಾಲೆನ್ಸ್ ಆದರೆ ಹತ್ತು ಹೆಜ್ಜೆ ಆಚೆ, ಮುರ ಮೇಲೆ ಬಂದಿರುವಲ್ಲಿ, ಅದು ಕೆಲಸಕ್ಕೆ ಬರುವುದಿಲ್ಲ. ಪುನಃ ಮಾಡಬೇಕು. ಸೆನ್ಸಿಟಿವಿಟಿ ಅರ್ಧಕ್ಕೆ ಇಳಿಸಿದೆವು. ದೊಡ್ಡ ಕಾಯಿಲ್ ತೆಗೆದು ಅಂಗೈ ಅಗಲದ ಸಣ್ಣ ಕಾಯಿಲ್ ಹಾಕಿದೆವು. ಅದು ಒಂದು ಸಲಕ್ಕೆ ನೋಡುವ ಮಣ್ಣು ಕಡಿಮೆ, ಹಾಗಾಗಿ ಗಲಾಟೆಯೂ ಕಡಿಮೆ. ಆಳ ಕಡಿಮೆಯಾಗುತ್ತದೆ ನಿಜ. ಒಳ್ಳೆ ಮಣ್ಣಿನಲ್ಲಿ ಎಂಟು ಹತ್ತು ಇಂಚಿನ ಅಡಿಯ ನಾಣ್ಯ ಗೊತ್ತಾಗುತ್ತದಂತೆ. ನಮಗೆ ನಾಲ್ಕೈದು ಇಂಚು ಸಿಕ್ಕಿದರೆ ಅದೇ ದೊಡ್ಡದು. ಇಷ್ಟೆಲ್ಲ ಮಾಡಿದರೂ ಕೆಲವು ಮುರದ ಉಂಡೆಗಳು ನಾಣ್ಯದ ಹಾಗೆಯೇ ಸದ್ದು ಮಾಡಿ ಮೋಸ ಮಾಡುತ್ತವೆ. ಅಗೆದರೆ ಕಂದು ಬಣ್ಣದ, ಭಾರದ ಒಂದು ಕಲ್ಲು, ಅಷ್ಟೇ.

ಈ ಮುರಕಲ್ಲನ್ನು ಮೊದಲು ವಿವರವಾಗಿ ಬರೆದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ನಮ್ಮ ಊರಿನ ದಾರಿಯಲ್ಲೇ ಹೋದವನು. ಟಿಪ್ಪು ಸತ್ತ ಮರುವರ್ಷ ಈಸ್ಟ್ ಇಂಡಿಯಾ ಕಂಪೆನಿ ಅವನನ್ನು ಮೈಸೂರು, ಮಲಬಾರ್, ಕೆನರಾ ಜಿಲ್ಲೆ ನೋಡಿ ಬಾ ಅಂತ ಕಳಿಸಿತು. 1801ರ ಆರಂಭದಲ್ಲಿ ಚಂದ್ರಗಿರಿ ಹೊಳೆ ದಾಟಿ ಕುಂಬಳೆ, ಮಂಜೇಶ್ವರದ ಮೇಲೆ ಮಂಗಳೂರಿಗೆ ಹೋದ. ಮಲಪ್ಪುರಂ ಕಡೆಯ ಅಂಗಾಡಿಪುರದಲ್ಲಿ ಅವನು ನೋಡಿದ ಕಲ್ಲು ಇದು. ಒಳಗಿರುವಾಗ ಕಬ್ಬಿಣದ ಯಾವ ಹತ್ಯಾರಿನಲ್ಲೂ ಕಡಿಯುವಷ್ಟು ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಇಟ್ಟಿಗೆಯಷ್ಟು ಗಟ್ಟಿ. ನಮ್ಮ ಹಳೆ ಮನೆಯ ಗೋಡೆಯೂ ಅದರದ್ದೇ. ಮನೆ ಬಿದ್ದ ಮೇಲೆ ಕಲ್ಲುಗಳನ್ನು ಯಾರ್‍ಯಾರೋ ಕೊಂಡುಹೋದರು. ಕೆಲವು ನಮ್ಮ ಹಟ್ಟಿಯ ಗೋಡೆಯಲ್ಲೇ ಉಂಟು.

ಬೆಳಗಿನ ಹೊತ್ತು ಗಾಡಿದಾರಿಯ ಬದಿಯಲ್ಲಿ ಕಳೆಯಿತು. ಗೋಣಿಯ ಮೇಲೆ ಹೆಕ್ಕಿ ಹಾಕಿದ್ದನ್ನು ನೋಡಿದರೆ ಗುಜರಿ ಅಂಗಡಿ. ಗುಟ್ಕಾ ಪ್ಯಾಕೆಟ್, ಬಾಟ್ಲಿ ಮುಚ್ಚಳ, ಅಲ್ಯುಮಿನಿಯಂನ ಹಳೆ ಪೇಸ್ಟ್ ಟ್ಯೂಬ್, ಟಾರ್ಚಿನ ಸೆಲ್ಲಿನ ಸತು. ಹಂದಿ ಬೇಟೆಗೆ ಹೋದವರ ಈಡಿನ ತೋಟೆಯ ಹಿತ್ತಾಳೆ ಬುಡ. ಮತ್ತೆ ಒಂದು ಹಿತ್ತಾಳೆಯ ಸ್ಪ್ರೇ ನೋಸಲ್. ಅದು ಬಂದಾಗ ನನಗೆ ಖುಷಿಯಾಯಿತು. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸರಕಾರದ ಲೆಸ್ಲಿ ಕೋಲ್ಮನ್ ರೂಢಿಗೆ ತಂದವರು. ಅದಕ್ಕೂ ಮೊದಲು ಗೊನೆಗೆ ಹಾಳೆಯ ಕೊಟ್ಟೆ ಕಟ್ಟುತ್ತಿದ್ದರು. ನೋಸಲಿನ ತೂತು ಒಂದು ಬದಿಗೆ ಸವೆದಿತ್ತು. ಮರದ ತುದಿಯಲ್ಲಿ ಕೂತು ಒಂದೇ ಕೈಯಲ್ಲಿ ಗನ್ ಹಿಡಿದು ಗೊನೆಗೆ ಹೊಡೆಯುವುದು ಎಂಥ ಕೆಲಸ ಅಂತ ತೋಟ ಇರುವವರಿಗೆ ಗೊತ್ತು. ಭಾವ ಅದನ್ನು ಗುಜರಿಗೆ ಹಾಕಲು ಹೊರಟಿದ್ದ. ನಾನು ಬಿಡಲಿಲ್ಲ.

ಗಾಡಿದಾರಿ ತಿರುಗುವಲ್ಲಿ ಕಬ್ಬಿಣದ ಗೊಗ್ಗರು ಸದ್ದು ಒಂದೇ ಕಡೆ ಮೂರು ನಾಲ್ಕು ಸಲ ಬಂತು. ಸಾಮಾನ್ಯವಾಗಿ ಕಬ್ಬಿಣ ಬಿಟ್ಟುಬಿಡುವುದು. ಆದರೆ ಇಲ್ಲಿ ಗಾಡಿಗಳು ಓಡಾಡಿದ್ದು ಅಂತ ಗೊತ್ತಲ್ಲ. ಅಗೆದೆವು. ಒಂದು ಕಡಾಣಿ, ತುಕ್ಕು ಹಿಡಿದು ದುಪ್ಪಟ್ಟು ದಪ್ಪವಾಗಿತ್ತು. ಮತ್ತೆ ಎತ್ತಿನ ಲಾಳದ ಅರ್ಧ, ಒಂದು ಮೊಳೆ ಇನ್ನೂ ಅದರಲ್ಲೇ ಸಿಕ್ಕಿಕೊಂಡಿತ್ತು. ಏರು ಶುರುವಾಗುವ ಜಾಗ ಅದು. ಗಾಡಿ ಏರಿಗೆ ಎಳೆಯುವಾಗ ಎತ್ತು ಕಾಲು ಒತ್ತಿ ಹಿಡಿಯುತ್ತದೆ, ಲಾಳ ಕಳಚುವುದು ಅಲ್ಲಿಯೇ. ಯಂತ್ರಕ್ಕೆ ಕಬ್ಬಿಣವನ್ನು ಕಡೆಗಣಿಸುವಂತೆ ಹೇಳಿ ನಡೆಯುವವರಿಗೆ ಇದೆಲ್ಲ ಸಿಗುವುದಿಲ್ಲ. ಅವರಿಗೆ ಬೇಡವೂ ಬೇಡ.

ಅಷ್ಟು ಹೊತ್ತಿಗೆ ಸುದ್ದಿ ಹಬ್ಬಿತ್ತು. ಮೊದಲು ಬಂದವರು ದಾರಿಯ ಆಚೆ ಬದಿಯ ಕಾಕ. ಕೊಡೆಯನ್ನು ಊರುಗೋಲು ಮಾಡಿಕೊಂಡು ಬೇಲಿಯ ಹತ್ತಿರ ನಿಂತರು.

"ಚಿನ್ನ ಉಂಟಾ ಭಟ್ರೇ?"

"ಲಾಳ ಉಂಟು ಕಾಕ."

"ನಿಮ್ಮ ಅಜ್ಜನ ಮನೇಲಿ ಲಾಳ ಅಲ್ಲದೆ ಮತ್ತೆಂತ ಇರ್ತದೆ" ಅಂತ ನಗಾಡಿದರು. ಆಮೇಲೆ ಅವರೇ, ತಮ್ಮ ಬಾಪನ ಹತ್ತಿರ ಆನೆ ಇರುವ ದಪ್ಪ ತಾಮ್ರದ ದುಡ್ಡು ಇತ್ತು, ಮಕ್ಕಳ ಕೈಗೆ ಹೋಗಿ ಕಳೆದೇ ಹೋಯಿತು ಅಂದರು. ಟಿಪ್ಪುವಿನ ತಾಮ್ರದ ನಾಣ್ಯದಲ್ಲಿ ಆನೆ ಉಂಟು. ಆಮೇಲೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನಲ್ಲೂ ಆನೆ ಉಂಟು. ಒಡೆಯರದ್ದರಲ್ಲಿ ಕನ್ನಡದಲ್ಲೇ ಮಯಿಲಿ ಕಾಸು ಅಂತ ಬರೆದಿರುತ್ತದೆ. ಕಾಕನಿಗೆ ನೆನಪಿದ್ದದ್ದು ಸೊಂಡಿಲು ಮಾತ್ರ.

ಇನ್ನಿಬ್ಬರು ಹುಡುಗರು ಬೈಕಿನಲ್ಲಿ ಬಂದು, ಮೊಬೈಲಿನಲ್ಲಿ ವಿಡಿಯೋ ತೆಗೆಯಲು ಹೊರಟರು. ಬೇಡ ಅಂತ ಬೇಡಿಕೊಂಡೆ. ವಿಡಿಯೋ ಹೋದರೆ ಸಾಕು, ರಾತ್ರಿ ಹಾರೆ ಹಿಡಿದು ಬರುವವರು ಬೇರೆಯೇ ಜನ. ನಿಧಿಯ ಆಸೆಯಲ್ಲಿ ನಾಗಬನದ ಕಲ್ಲು ಎತ್ತಿ ಹಾಕುವವರು, ಪಾಳು ಗುಡಿಯ ಪೀಠ ಒಡೆಯುವವರು ನಮ್ಮಲ್ಲಿ ಕಡಿಮೆ ಇಲ್ಲ. ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಏನೂ ಸಿಗದಿದ್ದರೂ ಹಾಳು ಮಾಡಿದ್ದು ಹಾಳೇ.

ಎಲ್ಲರೂ ಹಾಗಲ್ಲ ಅನ್ನುವುದಕ್ಕೆ 2024ರ ಜುಲೈಯಲ್ಲಿ ಕಣ್ಣೂರು ಜಿಲ್ಲೆಯ ಚೆಂಗಳಾಯಿಯಲ್ಲಿ ನಡೆದದ್ದೇ ಸಾಕು. ಉದ್ಯೋಗ ಖಾತರಿ ಕೆಲಸದ ಹೆಂಗಸರು ರಬ್ಬರ್ ತೋಟದಲ್ಲಿ ಮಳೆಗುಂಡಿ ತೋಡುವಾಗ ಒಂದು ಪಾತ್ರೆ ಸಿಕ್ಕಿತು. ಬಾಂಬ್ ಇರಬಹುದು ಅಂತ ಮೊದಲು ಹೆದರಿದರು. ಒಳಗೆ ನೋಡಿದರೆ ಬಂಗಾರದ ಪದಕ, ಮಣಿ, ಹಳೆ ನಾಣ್ಯ. ಅಷ್ಟನ್ನೂ ಅಧಿಕಾರಿಗಳ ಕೈಗೆ ಒಪ್ಪಿಸಿದರು. ಪುರಾತತ್ವ ಇಲಾಖೆಯವರು ಬಂದು ನೋಡಿ, ವೀರರಾಯನ ಹಣ, ಕಣ್ಣೂರಿನ ಆಲಿರಾಜನ ನಾಣ್ಯ ಎಲ್ಲ ಗುರುತಿಸಿದರು. ಡಿಟೆಕ್ಟರ್ ಗಿಟೆಕ್ಟರ್ ಏನೂ ಇರಲಿಲ್ಲ ಅವರಲ್ಲಿ. ಬರೇ ಪಿಕ್ಕಾಸು.

ಮಧ್ಯಾಹ್ನ ಊಟ ಮಾಡಿ, ಪುನರ್ಪುಳಿ ಶರಬತ್ತು ಕುಡಿದು, ಬಿಸಿಲು ಇಳಿಯುವ ಹೊತ್ತಿಗೆ ಹಳೆ ಅಂಗಳಕ್ಕೆ ಬಂದೆವು.

ಇಲ್ಲಿ ಮೇಲಿನ ಮಣ್ಣಿನ ತುಂಬ ಹಂಚಿನ ಚೂರು. ಮಂಗಳೂರಿನಲ್ಲಿ ಬಾಸೆಲ್ ಮಿಷನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅದಕ್ಕೂ ಮೊದಲು ನಮ್ಮಂಥವರ ಮನೆಗೆಲ್ಲ ಮುಳಿಹುಲ್ಲಿನ ಮಾಡು. ದೊಡ್ಡಮ್ಮ ಹೇಳುವ ಪ್ರಕಾರ ಈ ಮನೆಗೆ ಹಂಚು ಹಾಕಿಸಿದ್ದು ಅವರ ಮಾವನ ಅಪ್ಪ. ಅಂದರೆ ಹಂಚಿನ ಚೂರು ಇರುವ ಪದರದಲ್ಲಿ ಸಿಕ್ಕಿದ್ದು ಆಮೇಲಿನದ್ದು. ಅದರ ಕೆಳಗೆ ಸಿಕ್ಕಿದರೆ ಹೆಚ್ಚಾಗಿ ಮುಳಿಮನೆಯ ಕಾಲದ್ದು. ಕ್ಯಾಲೆಂಡರು ನೆಲದೊಳಗೇ ಉಂಟು, ಓದುವ ತಾಳ್ಮೆ ಬೇಕು ಅಷ್ಟೆ. ಗುಂಡಿ ತೋಡಿ ಸೊತ್ತು ಎತ್ತಿಕೊಂಡು ಹೋಗುವವನು ಆ ಕ್ಯಾಲೆಂಡರನ್ನೇ ಹರಿದು ಹಾಕುತ್ತಾನೆ. ಎಷ್ಟು ಆಳ, ಯಾವ ಮಣ್ಣು, ಪಕ್ಕದಲ್ಲಿ ಏನಿತ್ತು ಅನ್ನುವುದು ಗೊತ್ತಿಲ್ಲದ ನಾಣ್ಯ ಸುಮ್ನೆ ಒಂದು ತಾಮ್ರದ ಬಿಲ್ಲೆ. ಹಾಗಾಗಿ ನನಗೆ ಭಾವ ಕೊಟ್ಟ ಕೆಲಸ ಪುಸ್ತಕ ಮತ್ತು ಅಳತೆ ಟೇಪು ಹಿಡಿಯುವುದು. ಅಂಗಳಕ್ಕೆ ಹಗ್ಗ ಎಳೆದು ಪಟ್ಟಿ ಪಟ್ಟಿ ಮಾಡಿದೆವು. ಪ್ರತಿ ಸಿಗ್ನಲಿಗೂ ಮನೆಯ ಮೆಟ್ಟಿಲ ಕಲ್ಲಿನಿಂದ ಎಷ್ಟು ದೂರ ಅಂತ ಬರೆದುಕೊಂಡೆ.

ಮೇಲಿನ ಪದರದಲ್ಲಿ ಮೊದಲು ಒಂದು ಒಟ್ಟೆ ಮುಕ್ಕಾಲು ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಿಂದ, ನಡುವೆ ತೂತು ಇಟ್ಟು ಹೊಡೆದ ಕಾಸು ಅದು. ನಮ್ಮ ಮನೆಯಲ್ಲಿ ಮಕ್ಕಳ ಸೊಂಟಕ್ಕೆ ಕಟ್ಟಿದ್ದೂ ಉಂಟು. ಆಮೇಲೆ ವಿಕ್ಟೋರಿಯಾ ರಾಣಿಯ ಕಾಲಾಣೆ. ಮುಖ ಅರ್ಧ ಸವೆದಿತ್ತು, ಕಿರೀಟ ಮತ್ತು 1862 ಮಾತ್ರ ಸರಿಯಾಗಿ ಕಾಣುತ್ತಿತ್ತು. 1862ರಲ್ಲೇ ಬ್ರಿಟಿಷರು ಕೆನರಾ ಜಿಲ್ಲೆಯ ಉತ್ತರದ ಭಾಗವನ್ನು ಬೊಂಬಾಯಿಗೆ ಕೊಟ್ಟದ್ದು. ನಾವು ಮದ್ರಾಸಿನಲ್ಲೇ ಉಳಿದೆವು, 1956ರಲ್ಲಿ ಕೇರಳಕ್ಕೆ ಸೇರುವವರೆಗೆ.

ಮೆಟ್ಟಿಲ ಕಲ್ಲಿನ ಎಡಬದಿಗೆ ಬಂದಾಗ ಹೆಡ್‌ಫೋನ್ ಇಲ್ಲದ ನನಗೂ ಕೇಳುವ ಹಾಗೆ ಸದ್ದು ಬಂತು. ಭಾವ ನಿಂತ. ಕಾಯಿಲನ್ನು ಅಡ್ಡ ಆಡಿಸಿದ, ಆಮೇಲೆ ಸುತ್ತ ತಿರುಗಿ ಉದ್ದಕ್ಕೆ ಆಡಿಸಿದ. ಎರಡೂ ಕಡೆಯಿಂದ ಒಂದೇ ಸ್ವರ, ಒಂದೇ ನಂಬ್ರ. ಬಾಗಿದ ಮೊಳೆಯಾದರೆ ಒಂದು ಕಡೆಯಿಂದ ತಾಮ್ರದ ಹಾಗೆ ಕೇಳಿ ಇನ್ನೊಂದು ಕಡೆಯಿಂದ ಗೊಗ್ಗರಾಗುತ್ತದೆ. "ಇದು ದೊಡ್ಡದು" ಅಂದ, ತಗ್ಗಿದ ಸ್ವರದಲ್ಲಿ. ಕಾಕ ಬೇಲಿ ದಾಟಿ ಒಳಗೇ ಬಂದುಬಿಟ್ಟರು.

ಹುಲ್ಲಿನ ಹೆಂಟೆಯನ್ನು ಮೂರು ಬದಿ ಕತ್ತರಿಸಿ, ನಾಲ್ಕನೆಯ ಬದಿಯಲ್ಲಿ ಬೇರು ಹಿಡಿದಿರುವ ಹಾಗೆ ಮಡಚಿ ಇಟ್ಟೆವು. ಆಮೇಲೆ ಮುಚ್ಚಿದರೆ ಗೊತ್ತೇ ಆಗಬಾರದು. ಕರಣೆಯಲ್ಲಿ ಮಣ್ಣು ತೆಗೆದು ಗೋಣಿಯ ಮೇಲೆ ಹಾಕಿದೆ. ಹಂಚಿನ ಚೂರು, ಹಂಚಿನ ಚೂರು, ಒಂದು ಇದ್ದಿಲು. ಅದರ ಕೆಳಗೆ ಮಣ್ಣಿನ ಬಣ್ಣ ಬದಲಾಯಿತು. ಸೆಗಣಿ ಸಾರಿಸಿ ಸಾರಿಸಿ ಗಟ್ಟಿಯಾದ ಕಪ್ಪು ನೆಲ. ಹಂಚು ಇಲ್ಲ. ಪಿನ್‌ಪಾಯಿಂಟರ್ ಅನ್ನುವ ಕೈಯಲ್ಲಿ ಹಿಡಿಯುವ ಸಣ್ಣ ಡಿಟೆಕ್ಟರನ್ನು ಗುಂಡಿಯ ಬದಿಗೆ ತಾಗಿಸಿದರೆ ಗುಂಯ್ ಅಂತು. ಅಲ್ಲಿಂದ ಒಂದು ಹೆಂಟೆ ಮಣ್ಣು ಕೈಯಲ್ಲೇ ಬಿಡಿಸಿಕೊಂಡೆ. ಎರಡು ಹೆಬ್ಬೆರಳಿನಲ್ಲಿ ಒತ್ತಿದಾಗ ಅದು ಒಡೆದು, ಒಳಗೆ ಹಸಿರು ಅಂಚು ಕಂಡಿತು. ಸಪೂರ ಹಸಿರು ಗೆರೆ, ವೃತ್ತದ ತುಂಡು. ಮಣ್ಣು ಬಿದ್ದ ಮೇಲೆ ಹೆಂಟೆಯ ಇನ್ನೊಂದು ಅರ್ಧದಲ್ಲಿ ನಾಣ್ಯದ ಅಚ್ಚು ಹಾಗೆಯೇ ಉಳಿದಿತ್ತು, ಉಲ್ಟಾ. ಅದರ ಫೋಟೋ ಕೂಡ ತೆಗೆದೆ.

ಈಗಿನ ಹತ್ತು ರೂಪಾಯಿ ನಾಣ್ಯಕ್ಕಿಂತ ಅಗಲ. ಉಜ್ಜಬಾರದು ಅಂತ ಭಾವ ಮೊದಲೇ ಹೇಳಿದ್ದ. ಮಣ್ಣಿನ ಸಮೇತ ಡಬ್ಬಿಗೆ ಹಾಕಿದೆವು. ಮನೆಗೆ ತಂದಾಗ ದೊಡ್ಡಮ್ಮ ಹುಣಸೆಹುಳಿ ಮತ್ತು ಬೂದಿ ತಂದೇ ಬಿಟ್ಟರು. "ತಾಮ್ರ ಅಲ್ಲವಾ, ಐದು ನಿಮಿಷದಲ್ಲಿ ಪಳಪಳ ಮಾಡಿ ಕೊಡ್ತೇನೆ." ಅವರನ್ನು ತಡೆಯುವುದು ಸುಲಭವಾಗಿರಲಿಲ್ಲ. ಹುಳಿ ಹಾಕಿದರೆ ಹಸಿರು ಹೋಗುತ್ತದೆ, ಹಸಿರಿನ ಜೊತೆ ಅಕ್ಷರವೂ ಹೋಗುತ್ತದೆ. ಅಕ್ಷರ ಉಳಿದಿರುವುದು ಆ ಹಸಿರು ಪದರದಲ್ಲೇ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ನೆನೆಯಲು ಇಟ್ಟು, ಹಲ್ಲುಕಡ್ಡಿಯಲ್ಲಿ ಮಣ್ಣು ಬಿಡಿಸಿದೆವು. ಮೊದಲು ಕಂಡದ್ದು ಎರಡು ಗುಣಿಸುವ ಚಿಹ್ನೆಯ ಹಾಗಿನ ಅಕ್ಷರ, ರೋಮನ್ ಅಂಕಿಯ ಇಪ್ಪತ್ತು. ಮೇಲೆ ಪಾರ್ಸಿ ಬರಹ. ತಿರುಗಿಸಿದರೆ ಎರಡು ಸಿಂಹ ಹಿಡಿದ ಕಂಪೆನಿಯ ಲಾಂಛನ, ಕೆಳಗೆ 1808.

ಮದ್ರಾಸು ಪ್ರಾಂತಕ್ಕೆ ಈಸ್ಟ್ ಇಂಡಿಯಾ ಕಂಪೆನಿ ಮಾಡಿಸಿದ ಇಪ್ಪತ್ತು ಕಾಸು. ಎಂಬತ್ತು ಕಾಸಿಗೆ ಒಂದು ಹಣ, ನಲವತ್ತೆರಡು ಹಣಕ್ಕೆ ಒಂದು ವರಹ, ಆಗಿನ ಲೆಕ್ಕ ಹಾಗೆ. ಇಂಥ 168 ಬಿಲ್ಲೆ ಕೊಟ್ಟರೆ ಒಂದು ವರಹ. ಇದನ್ನು ಹೊಡೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರ, ಮ್ಯಾಥ್ಯೂ ಬೌಲ್ಟನ್‌ನ ಸೋಹೋ ಟಂಕಸಾಲೆಯಲ್ಲಿ, ಆವಿಯಂತ್ರದಿಂದ. ಅಂಚು ಅಷ್ಟು ಗುಂಡಗೆ ಬಂದಿರುವುದು ಅದಕ್ಕೇ. ನಮ್ಮ ಕಡೆಯ ಟಂಕಸಾಲೆಗಳಲ್ಲಿ ಆಗ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು, ಒಂದರ ಹಾಗೆ ಇನ್ನೊಂದು ಇರುತ್ತಿರಲಿಲ್ಲ.

ಇದರದ್ದೇ ಇನ್ನೊಂದು ಕಥೆ ಭಾವ ಹೇಳಿದ. ಇಂಥ ಹತ್ತು ಕಾಸು, ಇಪ್ಪತ್ತು ಕಾಸುಗಳನ್ನು ಪೀಪಾಯಿಗಳಲ್ಲಿ ತುಂಬಿಸಿಕೊಂಡು ಮದ್ರಾಸಿಗೆ ಹೊರಟ ಅಡ್ಮಿರಲ್ ಗಾರ್ಡ್ನರ್ ಅನ್ನುವ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರಾವಳಿ ಬಿಡುವ ಮೊದಲೇ ಬಿರುಗಾಳಿಗೆ ಸಿಕ್ಕಿ ಗುಡ್‌ವಿನ್ ಮರಳುದಿಬ್ಬದಲ್ಲಿ ಮುಳುಗಿತು. 1980ರ ದಶಕದಲ್ಲಿ ಅದರಿಂದ ಲಕ್ಷಗಟ್ಟಲೆ ನಾಣ್ಯ ಮೇಲೆ ತೆಗೆದರು. ಅವು ಒಂದು ದಿನವೂ ಚಲಾವಣೆ ಕಾಣದೆ, ಹೊಸದರ ಹಾಗೆಯೇ ಇದ್ದವು. ಈಗ ನಾಣ್ಯ ಸಂಗ್ರಹ ಮಾಡುವವರ ಹತ್ತಿರ ಬೇಕಾದಷ್ಟು ಉಂಟು. ಹಾಗಾಗಿ ನಮ್ಮ ನಾಣ್ಯಕ್ಕೆ ಬೆಲೆ ಅಂತ ಏನೂ ದೊಡ್ಡದಿಲ್ಲ. ಆದರೆ ಆ ಹಡಗಿನ ನಾಣ್ಯದಲ್ಲಿ ಚೂಪಾಗಿ ಕಾಣುವ ಸಿಂಹದ ಜಡೆ ನಮ್ಮದರಲ್ಲಿ ಬರೇ ಒಂದು ಗುಬ್ಬಟೆ. ಅಷ್ಟು ಕೈ ದಾಟಿದೆ. ಹಂಚಿನ ಪದರದ ಅಡಿಯಲ್ಲಿ, ಸೆಗಣಿ ನೆಲದಲ್ಲಿ, ಮೆಟ್ಟಿಲಿನಿಂದ ಎರಡು ಅಡಿ ದೂರದಲ್ಲಿ ಇತ್ತು. ಆ ಮುಳಿಮನೆಗೆ ಯಾರೋ ಏನೋ ಕೊಂಡುಬಂದು, ಮೆಟ್ಟಿಲಲ್ಲಿ ಕೂತು ಲೆಕ್ಕ ಮಾಡುವಾಗ ಜಾರಿದ್ದಿರಬೇಕು. ಮನೆಯಲ್ಲಿ ಕಂಪೆನಿ ಕಾಲದ ಒಂದು ಕಾಗದವೂ ಇಲ್ಲ. ಅಲ್ಲಿ ಆಗಲೇ ಮನೆ ಇತ್ತು ಅನ್ನುವುದಕ್ಕೆ ನಮ್ಮಲ್ಲಿ ಈಗ ಇರುವ ಆಧಾರ ಇದೊಂದೇ.

ಕತ್ತಲಾಗುವ ಮೊದಲು ಎಲ್ಲ ಗುಂಡಿ ಮುಚ್ಚಿ, ಕಸವನ್ನೆಲ್ಲ ಗೋಣಿಯಲ್ಲಿ ಕಟ್ಟಿ ತಂದೆವು.

ಕಾಗದ ಬರೆಯುವ ಕೆಲಸ ನನ್ನದಾಯಿತು. ಬಿದ್ದು ಸಿಕ್ಕಿದ ಒಂದೆರಡು ತಾಮ್ರದ ಕಾಸು ನಿಧಿಯಾ ಅಂತ ವಕೀಲರು ವಾದ ಮಾಡಬಹುದು. ನನಗೆ ಆ ತಲೆಬಿಸಿ ಬೇಡ. ಸರ್ವೆ ನಂಬ್ರ, ದಿನ, ಆಳ, ಫೋಟೋ, ನಾನು ಪುಸ್ತಕದಲ್ಲಿ ಬರೆದ ನಕ್ಷೆ ಎಲ್ಲ ಸೇರಿಸಿ ಕಲೆಕ್ಟರಿಗೆ ಒಂದು, ವಿಲೇಜ್ ಆಫೀಸಿಗೆ ಒಂದು ಪ್ರತಿ. ಕನ್ನಡದಲ್ಲೇ ಬರೆದೆ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಅದಕ್ಕೆ ಹಕ್ಕು ಉಂಟು, ಬಳಸದೆ ಇದ್ದರೆ ಅದೂ ತುಕ್ಕು ಹಿಡಿಯುತ್ತದೆ. ಆಫೀಸಿನಲ್ಲಿ ಕಾಗದ ತೆಗೆದುಕೊಂಡವರು ಫೋಟೋ ತಿರುಗಿಸಿ ತಿರುಗಿಸಿ ನೋಡಿ, "ಬಂಗಾರ ಇಲ್ವಾ?" ಅಂತ ಕೇಳಿದರು. ಇಲ್ಲ ಅಂದೆ. ಸೀಲು ಹಾಕಿ ಪ್ರತಿ ವಾಪಸ್ ಕೊಟ್ಟರು. ನಾಣ್ಯ ಸದ್ಯಕ್ಕೆ ಕಾಗದದ ಲಕೋಟೆಯಲ್ಲಿ, ಮೇಲೆ ಜಾಗದ ವಿವರ ಬರೆದು, ಕಪಾಟಿನಲ್ಲಿ ಉಂಟು. ಯಾರಾದರೂ ಬಂದು ಕೇಳಿದರೆ ಕೊಡಲು ತಯಾರು. ನಕ್ಷೆಯ ಒಂದು ಪ್ರತಿ ಮಾತ್ರ ನಾನು ಇಟ್ಟುಕೊಳ್ಳುತ್ತೇನೆ.

ಗಾಡಿದಾರಿಯ ಆಚೆ ಬದಿ ಇನ್ನೂ ಬಾಕಿ. ಅದು ಕಾಕನ ಜಾಗ. ಹಿಂದೆ ಅಲ್ಲಿ ಗಾಡಿ ಬಿಚ್ಚುವ ಕಟ್ಟೆ ಇತ್ತಂತೆ. ಹುಡುಕಲು ಅವರು ಒಪ್ಪಿದ್ದಾರೆ, ಆದರೆ ಒಂದು ಶರ್ತ. ಸ್ಪ್ರಿಂಕ್ಲರ್ ಪೈಪಿನ ಗೇಟ್ ವಾಲ್ವ್ ಒಂದು ಜೆಸಿಬಿ ಕೆಲಸದಲ್ಲಿ ಮಣ್ಣಿನಡಿ ಹೋಗಿದೆ, ಎಲ್ಲಿ ಅಂತ ಮಗನಿಗೂ ನೆನಪಿಲ್ಲ. ಮೊದಲು ಅದನ್ನು ಹುಡುಕಿ ಕೊಡಬೇಕು. ಗನ್‌ಮೆಟಲ್ ವಾಲ್ವ್, ಮೂರು ಇಂಚಿನದ್ದು. ಭಾವ ದೊಡ್ಡ ಕಾಯಿಲ್ ತರುತ್ತೇನೆ ಅಂದಿದ್ದಾನೆ.